ಹಾರ್ನ್ ಹಾಕದ ಮಹಾನುಭಾವ

ಕನ್ನಡಕಪ್ಪನಿಗೆ ಕಾರು ಬಂದ ದಿನ ಬೀದಿಯಲ್ಲಿ ಯಾರಾದರೂ ಅದನ್ನು ನೋಡದೆ ಉಳಿದಿದ್ದರೆ ಅದು ಅವರದೇ ತಪ್ಪು, ಕನ್ನಡಕಪ್ಪನದಲ್ಲ. ಹಾಲು ತರುವ ನೆಪದಲ್ಲಿ ಒಮ್ಮೆ, ತಂದ ಹಾಲು ಸರಿಯಿಲ್ಲವೆಂದು ಹಿಂದಿರುಗಿಸುವ ನೆಪದಲ್ಲಿ ಇನ್ನೊಮ್ಮೆ, ಹಾಲಿನವನು ಏನಂದನೆಂದು ಹೆಂಡತಿಗೆ ಹೇಳಿಹೋಗಲು ಮತ್ತೊಮ್ಮೆ ಅವನು ಬೀದಿಯ ಈ ತುದಿಯಿಂದ ಆ ತುದಿಗೆ ಓಡಾಡಿದ್ದ. ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. ಆದ್ದರಿಂದ ಊರು ಅವನನ್ನು ಕನ್ನಡಕಪ್ಪ ಎಂದೇ ಕರೆಯುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೆ ಸಹಿ ಹಾಕುವಾಗ ಮಾತ್ರ ನೆನಪಾಗುತ್ತಿತ್ತು. ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿ, ಕಣ್ಣಿನ ಹಣೆಬರಹ ಹೇಳುವುದು ಅವನ ಕೆಲಸ. ಊರಿನ ಅರ್ಧ ಜನ ಅವನು ಕೊಟ್ಟ ಗಾಜಿನಿಂದಲೇ ಲೋಕವನ್ನು ನೋಡುತ್ತಿದ್ದರು.

ಕಾರು ಹೆಂಡತಿಯ ತಮ್ಮನದು. ಹೊಸದು ಕೊಳ್ಳುವ ಉಮೇದಿನಲ್ಲಿ ಅವನು ಹಳೆಯದನ್ನು ಭಾವನ ಕುತ್ತಿಗೆಗೆ ಕಟ್ಟಿದ್ದ. ಕೀ ಕೊಡುವಾಗ, ಒಳಗೆ ಯಾವುದು ಎಲ್ಲಿದೆ ಎಂದು ಒಂದು ಸಲ ತೋರಿಸಲೇ ಎಂದು ಕೇಳಿದ್ದುಂಟು. ಕನ್ನಡಕಪ್ಪನಿಗೆ ನಗು ತಡೆಯಲಾಗಲಿಲ್ಲ.

"ನಾನು ಸ್ಟಿಯರಿಂಗ್ ಹಿಡಿದಾಗ ನೀನಿನ್ನೂ ಅಂಬೆಗಾಲಿಡ್ತಿದ್ದೆ ಕಣಯ್ಯ" ಎಂದ.

ಆಗ ಹಿಡಿದದ್ದು ಗೆಳೆಯನ ಅಂಗಳದಲ್ಲಿ ಚಕ್ರವಿಲ್ಲದೆ ನಿಂತಿದ್ದ ಜೀಪಿನ ಸ್ಟಿಯರಿಂಗು ಎಂಬುದನ್ನು ಬಿಡಿಸಿ ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ. ಭಾವಮೈದನೂ ಹೆಚ್ಚು ಒತ್ತಾಯ ಮಾಡಲಿಲ್ಲ. ದೊಡ್ಡ ಭಾರ ಇಳಿದವನಂತೆ ಉಸಿರು ಬಿಟ್ಟು, ಕಾಫಿಗೂ ಕಾಯದೆ ಹೊರಟುಹೋದ. ಅನುಮಾನ ಪಡಬೇಕಾಗಿದ್ದದ್ದು ಆಗ. ಆದರೆ ಕನ್ನಡಕಪ್ಪ ಕನ್ನಡಿಯನ್ನು ತನ್ನ ಮುಖ ಕಾಣುವ ಹಾಗೆ ತಿರುಗಿಸಿಕೊಳ್ಳುವುದರಲ್ಲಿ ಮಗ್ನನಾಗಿದ್ದ.

ಅನಾಹುತ ಮಾರನೆಯ ದಿನವೇ ಕಾದಿತ್ತು. ಬೀದಿಯ ತಿರುವಿನಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದ್ದಾನೆ, ನಡುರಸ್ತೆಯಲ್ಲಿ ನಿವೃತ್ತ ಹೆಡ್‌ಮೇಷ್ಟ್ರು ಪೇಪರನ್ನು ಎರಡೂ ಕೈ ಚಾಚಿ ದೂರ ಹಿಡಿದು ಓದುತ್ತ ನಡೆಯುತ್ತಿದ್ದಾರೆ. ಬಡಾವಣೆ ಸಂಘದ ಅಧ್ಯಕ್ಷರು. ಹಿಂದೆ ಏನು ಬರುತ್ತಿದೆ ಎಂದು ನೋಡುವುದು ಅವರ ಅಂತಸ್ತಿಗೆ ಒಗ್ಗುತ್ತಿರಲಿಲ್ಲ. ಕನ್ನಡಕಪ್ಪ ಸ್ಟಿಯರಿಂಗಿನ ನಟ್ಟನಡುವೆ ಅಂಗೈಯಿಂದ ಬಲವಾಗಿ ಒತ್ತಿದ. ಅವನು ಕಂಡುಕೇಳಿದ ಗಾಡಿಗಳಲ್ಲೆಲ್ಲ ಹಾರ್ನ್ ಇರುತ್ತಿದ್ದುದು ಅಲ್ಲೇ. ಸದ್ದಿಲ್ಲ. ಗುದ್ದಿದ. ಸದ್ದಿಲ್ಲ. ಎಡಗಡೆ ಏನೋ ಒತ್ತಿದ. ರೇಡಿಯೋದಲ್ಲಿ ಹವಾಮಾನ ವರದಿ ಶುರುವಾಯಿತು. ಬಲಗಡೆ ಏನೋ ಎಳೆದ. ಗಾಜಿನ ಮೇಲೆ ಎರಡು ಕಾರಂಜಿ ಎದ್ದು, ವೈಪರ್ ಗಡಿಬಿಡಿಯಿಂದ ಒರೆಸತೊಡಗಿತು. ಕೊನೆಗೆ ಎರಡೂ ಕಾಲನ್ನು ಸಿಕ್ಕಿದ ಕಡೆ ಊರಿದ. ಕಾರು ಗಡಗಡ ನಡುಗಿ, ಹೆಡ್‌ಮೇಷ್ಟ್ರ ಕೋಟಿನ ತುದಿ ಸೋಕುವಷ್ಟು ಹತ್ತಿರದಲ್ಲಿ ಆರಿಹೋಯಿತು.

ಕನ್ನಡಕಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಗದರಬೇಕೆಂದು ಹೊರಟರೆ, ಗಂಟಲಿನಿಂದ ಬಂದದ್ದು ಕೂಸು ನಿದ್ದೆಯಲ್ಲಿ ಗೊಣಗಿದಂಥ ಸಣ್ಣ ದನಿ.

"ಸಾರ್... ಸ್ವಲ್ಪ... ದಾರಿ..."

ಹೆಡ್‌ಮೇಷ್ಟ್ರು ತಿರುಗಿ ನೋಡಿದರು. ಕಾರನ್ನು ನೋಡಿದರು, ಇನ್ನೂ ಗಾಜು ಒರೆಸುತ್ತಿದ್ದ ವೈಪರನ್ನು ನೋಡಿದರು, ಬೆವರಿಳಿಯುತ್ತಿದ್ದ ಕನ್ನಡಕಪ್ಪನನ್ನು ನೋಡಿದರು. ಅವರ ಕಣ್ಣು ತುಂಬಿ ಬಂತು. ಹಾರ್ನ್ ಹಾವಳಿಯ ವಿರುದ್ಧ ಅವರು ಹತ್ತದ ಕಚೇರಿಯ ಮೆಟ್ಟಿಲಿರಲಿಲ್ಲ, ಬೈಯದ ಬೈಕ್ ಸವಾರನಿರಲಿಲ್ಲ. ಅಂಥವರಿಗೆ ಜೀವಮಾನದಲ್ಲಿ ಮೊದಲ ಸಲ ಒಬ್ಬ ಗಾಡಿ ನಿಲ್ಲಿಸಿ, ತಲೆ ಹೊರಗೆ ಹಾಕಿ, ಬಾಯಲ್ಲಿ ದಾರಿ ಕೇಳಿದ್ದ.

"ಹಾರ್ನ್ ಯಾಕೆ ಹಾಕಲಿಲ್ಲ ನೀವು?" ಎಂದು ಗದ್ಗದಿತರಾಗಿ ಕೇಳಿದರು.

ಸಿಗಲಿಲ್ಲ ಎಂದು ಒಂದೇ ಒಂದು ಮಾತು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಬ್ಯಾಂಕ್ ಕ್ಯಾಷಿಯರು ಟೂತ್‌ಬ್ರಷ್ ಕಚ್ಚಿಕೊಂಡು ಗೇಟಿಗೆ ಬಂದು ನಿಂತ. ಅವನ ಎದುರಿಗೆ ಸತ್ಯ ಹೇಳುವುದೆಂದರೆ ಮೈಕ್ ಕಟ್ಟಿ ಸಾರಿದ ಹಾಗೆ. ಕಣ್ಣೆದುರಿಗಿನ ಹಾರ್ನ್ ಕಾಣದವನು ಊರಿನವರ ಕಣ್ಣು ಪರೀಕ್ಷೆ ಮಾಡುತ್ತಾನಂತೆ ಎಂದು ಅವನು ಮಧ್ಯಾಹ್ನದೊಳಗೆ ಬ್ಯಾಂಕಿನ ಸಾಲಿಗೆಲ್ಲ ಹಂಚುತ್ತಿದ್ದ. ಆಮೇಲೆ ಆ ಎತ್ತರದ ಕುರ್ಚಿಗೆ ಹತ್ತುವವರು ಯಾರು? ಅಂಗಡಿಗೆ ಬೀಗವೇ ಗತಿ.

"ಹಾರ್ನ್ ಅಂದ್ರೆ ಏನು ಸಾರ್" ಎಂದ ಕನ್ನಡಕಪ್ಪ. "ನಾನು ಬಂದೆ, ನಾನು ಬಂದೆ ಅಂತ ಊರಿಗೆಲ್ಲ ಕೂಗಿ ಹೇಳೋದು ತಾನೆ. ನಾವು ಬಂದಿದ್ದು ನಮಗೆ ಗೊತ್ತಿದ್ರೆ ಸಾಕಲ್ವಾ?"

ಮಾತು ಇಷ್ಟು ಚೆನ್ನಾಗಿ ಬಂದದ್ದು ನೋಡಿ ಅವನಿಗೇ ಆಶ್ಚರ್ಯವಾಯಿತು. ಹೆಡ್‌ಮೇಷ್ಟ್ರು ಕಿಟಕಿಯೊಳಗೆ ಕೈ ಹಾಕಿ ಅವನ ಕೈ ಹಿಡಿದು ಕುಲುಕಿದರು, ಹಿಡಿದ ಕೈ ಬಿಡಲೇ ಇಲ್ಲ. ಕ್ಯಾಷಿಯರು ಬಾಯೊಳಗಿನ ನೊರೆ ನುಂಗಿದ.

ಅಲ್ಲಿಂದ ಮುಂದೆ ಕನ್ನಡಕಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ನಿಲ್ಲಲು ಬೇರೆಯವರು ಬಿಡಲೂ ಇಲ್ಲ. ಸಂಘದ ಸಭೆಯಲ್ಲಿ ಹೆಡ್‌ಮೇಷ್ಟ್ರು ಅವನನ್ನು ಹೊಗಳಿ ಅಟ್ಟಕ್ಕೇರಿಸಿದರು. ಬೀದಿಯ ಬಾಯಲ್ಲಿ ಅವನ ಮಾತನ್ನೇ ಬರೆದ ಬೋರ್ಡು ನಿಂತಿತು. ಹೆಂಗಸರು ಗಂಡಂದಿರ ಎದುರು ಅವನ ಉದಾಹರಣೆ ಕೊಡತೊಡಗಿದರು. ಬೆಳಿಗ್ಗೆ ಗೇಟಿನ ಮುಂದೆ ಹಾರ್ನ್ ಬಾರಿಸಿ ಹೆಂಡತಿಯನ್ನು ಕರೆಯುತ್ತಿದ್ದ ಗಂಡಸರೆಲ್ಲ ಈಗ ಗಾಡಿಯಿಂದಿಳಿದು, ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ, ಹೊರಡೋಣವೇ ಎಂದು ಕೇಳಬೇಕಾಯಿತು. ಕ್ಯಾಷಿಯರು ತನ್ನ ಹೆಂಡತಿಯ ಅಪ್ಪಣೆಯಂತೆ ಸ್ಕೂಟರಿನ ಹಾರ್ನನ್ನು ಕಿತ್ತು ಅಟ್ಟದ ಮೇಲಿಟ್ಟ. ಆ ಹಾರ್ನ್ ಲಾರಿಯದು. ಅವನು ಆಸೆಪಟ್ಟು ಹಾಕಿಸಿಕೊಂಡದ್ದು. ಅಂದಿನಿಂದ ಅವನು ಕನ್ನಡಕಪ್ಪನ ಕಾರಿನ ಸುತ್ತ ಸುಳಿಯುತ್ತ, ಗಾಜಿಗೆ ಮೂಗು ಒತ್ತಿ ಒಳಗೆ ನೋಡುತ್ತ, ಒಂದು ದಿನ ನೇರವಾಗಿ ಕೇಳಿಯೇಬಿಟ್ಟ.

"ಅಲ್ಲ ಸ್ವಾಮಿ, ನಿಮ್ಮ ಗಾಡೀಲಿ ಹಾರ್ನ್ ಅನ್ನೋದು ಇದೆ ತಾನೆ?"

ಇದೆ, ಆದರೆ ಸಂಯಮವೂ ಇದೆ ಎಂದ ಕನ್ನಡಕಪ್ಪ. ಹೇಳಿದವನೇ ಬೇಗ ಬೇಗ ಮನೆಯೊಳಗೆ ನಡೆದುಬಿಟ್ಟ.

ಏಕೆಂದರೆ ಅವನ ಪೇಚು ಲೋಕದಲ್ಲಿ ಯಾರಿಗೂ ಬಂದಿರಲಾರದಂಥದ್ದು. ಹಾರ್ನ್ ಎಲ್ಲಿದೆ ಎಂದು ಹುಡುಕಬೇಕು. ಆದರೆ ಸಿಕ್ಕಿದರೆ ಕೆಟ್ಟಿತು, ಅದು ಕೂಗಿಬಿಡುತ್ತದೆ. ಹಾರ್ನ್ ವಿರೋಧಿ ಮಹಾನುಭಾವ ತನ್ನದೇ ಗೇಟಿನಲ್ಲಿ ನಿಂತು ಪೋಂ ಎನ್ನಿಸಿದರೆ ಬೀದಿ ಏನೆಂದೀತು? ಸ್ಟಿಯರಿಂಗಿನ ಮೇಲೆ, ಅದರ ಕೆಳಗೆ, ಅಕ್ಕಪಕ್ಕದ ಕಡ್ಡಿಗಳ ಮೇಲೆ ಕಡಲೆಕಾಳಿನ ಗಾತ್ರದ ಗುಂಡಿಗಳು ಬೇಕಾದಷ್ಟಿದ್ದವು. ಎಲ್ಲದರ ಮೇಲೂ ಸೊಳ್ಳೆ ಕೂತ ಹಾಗೆ ಏನೋ ಗುರುತು. ಕಾರು ಮಾಡುವವರಿಗೆ ಈಗೀಗ ಚಿತ್ರ ಬರೆಯಲೂ ಬರುವುದಿಲ್ಲ ಎಂದು ಬೈದುಕೊಳ್ಳುತ್ತ, ಅವನು ಒಂದೊಂದನ್ನೂ ಮಲಗಿದ ಮಗುವಿನ ಕೆನ್ನೆ ಮುಟ್ಟುವ ಹಾಗೆ ಮುಟ್ಟಿ ಕೈ ಹಿಂದೆಗೆಯುತ್ತಿದ್ದ. ಹಾಗೆ ಮುಟ್ಟಿದರೆ ಯಾವ ಹಾರ್ನೂ ಕೂಗುವುದಿಲ್ಲ. ಒಮ್ಮೆ ಊರಾಚೆಯ ಖಾಲಿ ಮೈದಾನಕ್ಕೆ ಕಾರು ಒಯ್ದು, ಈಗ ಒತ್ತಿಯೇ ಬಿಡುತ್ತೇನೆಂದು ಹೆಬ್ಬೆರಳು ಎತ್ತಿದ. ಪೊದೆಯ ಹಿಂದಿನಿಂದ ವಾಕಿಂಗ್ ಸಂಘದವರು ಎದ್ದು ಬಂದು, ಮೌನದ ಅಭ್ಯಾಸಕ್ಕೆ ಇಷ್ಟು ದೂರ ಬರುತ್ತೀರಾ ಎಂದು ಬೆರಗಾಗಿ, ಸುತ್ತಲೂ ಕೂತು ತಾವೂ ಕಣ್ಣು ಮುಚ್ಚಿದರು.

ಭಾವಮೈದನನ್ನು ಕೇಳಬಹುದಿತ್ತು. ಆದರೆ ಅಂಬೆಗಾಲಿನ ಮಾತು ಆಡಿದ ಮೇಲೆ ಯಾವ ಮುಖ ಇಟ್ಟುಕೊಂಡು ಕೇಳುವುದು?

ಹೀಗಿರುವಾಗ ಟ್ರಾಫಿಕ್ ಇನ್ಸ್‌ಪೆಕ್ಟರು ಅಂಗಡಿಗೆ ಬಂದರು. ಯೂನಿಫಾರ್ಮ್ ಕಂಡ ಕೂಡಲೇ ಕನ್ನಡಕಪ್ಪ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದ. ಆದರೆ ಇನ್ಸ್‌ಪೆಕ್ಟರು ಅವನ ಭುಜ ತಟ್ಟಿ, ಇಲಾಖೆ ನಿಶ್ಶಬ್ದ ಸಂಚಾರ ದಿನ ಮಾಡುತ್ತಿದೆ, ಊರಿನ ವಾಹನಗಳೆಲ್ಲ ಮೆರವಣಿಗೆ ಹೋಗುತ್ತವೆ, ಮುಂದಾಳತ್ವ ನಿಮ್ಮದೇ ಎಂದು ಹೇಳಿದರು.

"ನೀವು ಏನು ಮಾಡ್ತೀರೋ ಹಿಂದಿನವರೆಲ್ಲ ಚಾಚೂ ತಪ್ಪದೆ ಹಾಗೇ ಮಾಡ್ಬೇಕು ಅಂತ ಆರ್ಡರ್ ಕೊಟ್ಟಿದೀನಿ" ಎಂದರು.

ಕನ್ನಡಕಪ್ಪ ಒಪ್ಪಿದ. ಪೊಲೀಸರಿಗೆ ಬೇಡ ಎನ್ನುವ ಧೈರ್ಯ ಅವನ ವಂಶದಲ್ಲೇ ಇರಲಿಲ್ಲ.

ಮೆರವಣಿಗೆಯ ಬೆಳಿಗ್ಗೆ ಹೆಂಡತಿ ತನ್ನ ಅತ್ಯುತ್ತಮ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು, ಹಿಂದಿನ ಸೀಟಿನಲ್ಲಿ ವಿರಾಜಮಾನಳಾದಳು. ನೆಂಟರಿಷ್ಟರಿಗೆಲ್ಲ ಆಗಲೇ ಫೋನ್ ಹೋಗಿತ್ತು; ತಮ್ಮನಿಗೂ ಬಾ ಎಂದಿದ್ದಳು. ಕನ್ನಡಕಪ್ಪ ಅವಳಿಗಾದರೂ ಹೇಳಿಬಿಡೋಣವೆಂದು ಹಿಂದೆ ತಿರುಗಿದ. ಅವಳ ಮುಖದಲ್ಲಿದ್ದ ಹೆಮ್ಮೆ ನೋಡಿದ. ಮತ್ತೆ ಮುಂದೆ ತಿರುಗಿದ.

ಗಡಿಯಾರದ ಗೋಪುರದಿಂದ ಉದ್ಯಾನದವರೆಗೆ ರಸ್ತೆಯೆಲ್ಲ ಇಳಿಜಾರು. ಕೆಳಗೆ ಕೊಳದ ದಡದಲ್ಲಿ ವೇದಿಕೆ. ವೇದಿಕೆಗೆ ಮುಖ ಮಾಡಿ, ಅಂದರೆ ರಸ್ತೆಗೆ ಬೆನ್ನು ಹಾಕಿ, ಸಾಲುಸಾಲು ಕುರ್ಚಿಗಳಲ್ಲಿ ಜನ. ಮೆರವಣಿಗೆಯ ಮುಂದೆ ಒಂದು ತೆರೆದ ಪಿಕಪ್ ಗಾಡಿ. ಅದರ ಹಿಂಭಾಗದಲ್ಲಿ ಹೆಡ್‌ಮೇಷ್ಟ್ರು ಬ್ಯಾನರ್ ಹಿಡಿದು, ಹಿಂದೆ ಬರುವವರಿಗೆ ಮುಖ ಕೊಟ್ಟು, ತುಟಿಗೆ ಬೆರಳಿಟ್ಟುಕೊಂಡು ನಿಂತಿದ್ದರು. ಅದರ ಹಿಂದೆ ಕನ್ನಡಕಪ್ಪನ ಕಾರು. ಅದರ ಹಿಂದೆ ಕಾರು, ಸ್ಕೂಟರು, ಆಟೋ, ಹಾರ್ನಿಲ್ಲದ ಕ್ಯಾಷಿಯರು, ಕಣ್ಣು ಹಾಯುವವರೆಗೂ ಬಾಲ. ಸಾವಿರ ಗಾಲಿ ಉರುಳಿದರೂ ಒಂದು ಸದ್ದಿಲ್ಲ. ಬಾಲ್ಕನಿಗಳಲ್ಲಿ ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಇಳಿಜಾರು ಶುರುವಾಗುವ ಕಡೆ ಇನ್ಸ್‌ಪೆಕ್ಟರು ಕೈ ತೋರಿಸಿ ಎಲ್ಲರನ್ನೂ ನಿಲ್ಲಿಸಿದರು. ಫೋಟೋ ತೆಗೆಸುವ ಹೊತ್ತು. ಪಿಕಪ್‌ನ ಡ್ರೈವರಿಗೂ ಇಲಾಖೆಯ ಫೋಟೋದಲ್ಲಿ ಕಾಣಿಸಿಕೊಳ್ಳುವ ಆಸೆ ಬಂದು, ಅವನು ಇಳಿದು ಹೋಗಿ ಇನ್ಸ್‌ಪೆಕ್ಟರ ಪಕ್ಕ ಎದೆ ಸೆಟೆಸಿ ನಿಂತ. ಅಷ್ಟೇ. ಬ್ರೇಕ್ ಸರಿಯಾಗಿ ಎಳೆಯದ ಗಾಡಿ ಒಮ್ಮೆ ತೂಕಡಿಸಿದ ಹಾಗೆ ಮುಂದಕ್ಕೆ ಜರುಗಿತು. ಆಮೇಲೆ ಮೆಲ್ಲಗೆ ಇಳಿಜಾರಿನಲ್ಲಿ ಹೊರಟಿತು.

ಹೆಡ್‌ಮೇಷ್ಟ್ರಿಗೆ ತಮ್ಮ ಗಾಡಿ ಹೋಗುತ್ತಿರುವುದು ಗೊತ್ತಾಗಲಿಲ್ಲ. ಮೆರವಣಿಗೆಯೇ ಹಿಂದೆ ಬೀಳುತ್ತಿದೆ ಎಂದುಕೊಂಡು, ಸೋಮಾರಿಗಳನ್ನು ಕರೆಯುವ ಹಾಗೆ ಬನ್ನಿ ಬನ್ನಿ ಎಂದು ಕೈಸನ್ನೆ ಮಾಡಿದರು. ಫೋಟೋಕ್ಕೆ ನಿಂತವರೆಲ್ಲ ಕ್ಯಾಮೆರಾಕ್ಕೆ ಹಲ್ಲು ಕಿರಿಯುತ್ತಿದ್ದರು. ಡ್ರೈವರ್ ಸೀಟು ಖಾಲಿ ಇರುವುದು ಕಂಡದ್ದು ಇಡೀ ಊರಿನಲ್ಲಿ ಒಬ್ಬ ಕನ್ನಡಕಪ್ಪನಿಗೆ. ಅವನ ದೂರದ ದೃಷ್ಟಿಗೆ ಎಣೆಯಿರಲಿಲ್ಲ. ಖಾಲಿ ಸೀಟು ಕಂಡಿತು, ಇಳಿಜಾರು ಕಂಡಿತು, ಕೆಳಗೆ ಬೆನ್ನು ಹಾಕಿ ಕೂತ ಜನ ಕಂಡರು. ಹಾರ್ನ್ ಒಂದು ಕಾಣಲಿಲ್ಲ.

ಸ್ಟಿಯರಿಂಗಿನ ನಡುವೆ ಗುದ್ದಿದ. ಎರಡು ಮುಷ್ಟಿಯಿಂದ ಗುದ್ದಿದ. ಎಡಗಡೆಯದನ್ನು ಎಳೆದ, ನಾಲ್ಕೂ ದೀಪ ಮಿಣಮಿಣ ಎಂದವು. ಹಿಂದಿನ ಕಾರು ನೋಡಿತು, ತಾನೂ ದೀಪ ಮಿನುಗಿಸಿತು. ಅದರ ಹಿಂದಿನದೂ, ಅದರ ಹಿಂದಿನದೂ. ಬಲಗಡೆಯದನ್ನು ಎಳೆದ; ಕಾರಂಜಿ ಎದ್ದಿತು, ವೈಪರ್ ಕುಣಿಯಿತು. ಆರ್ಡರ್ ಅಂದರೆ ಆರ್ಡರ್. ಮೆರವಣಿಗೆಯ ಉದ್ದಕ್ಕೂ ಕಾರಂಜಿಗಳೆದ್ದವು, ನೂರಾರು ವೈಪರ್‌ಗಳು ಒಟ್ಟಿಗೆ ಎಡಕ್ಕೂ ಬಲಕ್ಕೂ ತೊನೆದವು. ವೈಪರ್ ಇಲ್ಲದ ಸ್ಕೂಟರಿನವರು ಕೈಯನ್ನೇ ಆಡಿಸಿದರು. ಬಾಲ್ಕನಿಗಳಲ್ಲಿ ಚಪ್ಪಾಳೆಯೋ ಚಪ್ಪಾಳೆ. ಕನ್ನಡಕಪ್ಪ ಇನ್ನೇನೋ ಕಿತ್ತ. ಡಿಕ್ಕಿ ಬಾಗಿಲು ಮೇಲೆದ್ದಿತು. ಹಿಂದೆ ಸಾಲಾಗಿ ಡಿಕ್ಕಿಗಳೆಲ್ಲ ಬಾಯಿ ತೆರೆದವು.

"ಇದೇನ್ರೀ ಮಾಡ್ತಿದೀರಾ?" ಎಂದಳು ಹೆಂಡತಿ.

"ಹಾರ್ನ್ ಎಲ್ಲಿದೆ ಅಂತ ನಂಗೆ ಗೊತ್ತಿಲ್ಲ ಕಣೇ" ಎಂದ ಕನ್ನಡಕಪ್ಪ. "ಯಾವತ್ತೂ ಗೊತ್ತಿರಲಿಲ್ಲ."

ಹೇಳಿದ್ದೇ ತಡ, ಎದೆಯ ಮೇಲಿನ ಬಂಡೆ ಉರುಳಿಬಿದ್ದ ಹಾಗಾಯಿತು. ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ತಳ್ಳಿ, ಚಪ್ಪಲಿ ಅಲ್ಲೇ ಬಿಟ್ಟು ಇಳಿಜಾರಿನಲ್ಲಿ ಓಟ ಕಿತ್ತ. ಏನು ಕೂಗಬೇಕೆಂದು ಯೋಚಿಸಲು ಪುರುಸೊತ್ತೆಲ್ಲಿ? ಅಷ್ಟು ದಿನ ಬೆರಳಿಗೆ ಸಿಗದದ್ದು ಬಾಯಿಗೆ ಬಂತು.

"ಪೋಂ! ಪೋಂ! ಪೋಂ ಪೋಂ ಪೋಂ!"

ಮುಂದಾಳು ಇಳಿದು ಓಡುತ್ತಿದ್ದಾನೆ, ಪೋಂ ಎನ್ನುತ್ತಿದ್ದಾನೆ. ಹಿಂದಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬಾಗಿಲುಗಳು ಧಡಧಡ ತೆರೆದವು. ಇಡೀ ನಿಶ್ಶಬ್ದ ಸಂಚಾರ ದಿನ ಗಾಡಿಯಿಂದಿಳಿದು, ಪೋಂ ಪೋಂ ಎಂದು ಬೊಬ್ಬೆ ಹೊಡೆಯುತ್ತ ರಸ್ತೆ ತುಂಬ ಓಡತೊಡಗಿತು. ಕ್ಯಾಷಿಯರಂತೂ ಲಾರಿ ಹಾರ್ನಿನ ರಾಗವನ್ನೇ ತೆಗೆದ. ಎಷ್ಟು ದಿನದ ಸಂಕಟವೋ ಏನೋ. ಆ ಗದ್ದಲಕ್ಕೆ ಡ್ರೈವರು ಬೆಚ್ಚಿ ತಿರುಗಿದ. ಅವನ ಮುಖದ ನಗು ಅಲ್ಲೇ ಹೆಪ್ಪುಗಟ್ಟಿತು. ಬಾಣದ ಹಾಗೆ ಹಾರಿದವನು ಕನ್ನಡಕಪ್ಪನನ್ನೂ ದಾಟಿ, ಪಿಕಪ್‌ನ ಬಾಗಿಲಿಗೆ ಜೋತುಬಿದ್ದು, ಒಳಗೆ ನುಸುಳಿ ಬ್ರೇಕಿನ ಮೇಲೆ ನಿಂತುಬಿಟ್ಟ. ಗಾಡಿ ಕಿರ್ರನೆ ಜಾರಿ, ಸದ್ದಿಗೆ ಎದ್ದು ಚೆಲ್ಲಾಪಿಲ್ಲಿಯಾದ ಜನ ಬಿಟ್ಟುಹೋದ ಕೊನೆಯ ಸಾಲಿನ ಕುರ್ಚಿಗೆ ಮೂತಿ ತಾಗಿಸಿ ನಿಂತಿತು. ಹೆಡ್‌ಮೇಷ್ಟ್ರು ಬ್ಯಾನರಿನಲ್ಲಿ ಸುತ್ತಿಕೊಂಡು ಗಾಡಿಯೊಳಗೆ ಮಲಗಿದ್ದರು. ಮೈಮೇಲೆ ಒಂದು ಗೀರೂ ಇರಲಿಲ್ಲ.

ಬ್ಯಾನರಿನಿಂದ ಬಿಡಿಸಿದ ಕೂಡಲೇ ಅವರು ಮಾಡಿದ ಮೊದಲ ಕೆಲಸ ಕನ್ನಡಕಪ್ಪನನ್ನು ತಬ್ಬಿಕೊಂಡದ್ದು.

"ನೋಡಿದ್ರಾ" ಎಂದು ಜನರತ್ತ ತಿರುಗಿದರು. "ಪ್ರಾಣ ಹೋಗೋ ಹೊತ್ತಲ್ಲೂ ಈ ಮನುಷ್ಯ ಹಾರ್ನ್ ಮುಟ್ಟಲಿಲ್ಲ."

ಇನ್ನು ತಡೆಯಲು ಅವನಿಂದ ಸಾಧ್ಯವಿರಲಿಲ್ಲ. ಏದುಸಿರು ಬಿಡುತ್ತಲೇ ಎಲ್ಲವನ್ನೂ ಒದರಿಬಿಟ್ಟ: ಸಂಯಮವೂ ಇಲ್ಲ, ತತ್ವವೂ ಇಲ್ಲ, ಹಾರ್ನ್ ಸಿಗಲಿಲ್ಲ, ಹೇಳಲು ನಾಚಿಕೆಯಾಯಿತು, ಅಷ್ಟೇ. ಜನ ನಕ್ಕರು. ವಿನಯಕ್ಕೂ ಒಂದು ಮಿತಿ ಬೇಕು ಎಂದರು. ಕೊನೆಗೆ ಅವನು ಇನ್ಸ್‌ಪೆಕ್ಟರ ತೋಳು ಹಿಡಿದು ಕಾರಿನವರೆಗೆ ಎಳೆದುಕೊಂಡು ಹೋಗಿ, ನೀವೇ ಹುಡುಕಿ ಎಂದು ಸೀಟಿನಲ್ಲಿ ಕೂರಿಸಿದ.

ಇನ್ಸ್‌ಪೆಕ್ಟರು ಮೀಸೆಯಡಿಯಲ್ಲೇ ನಗುತ್ತ ಸ್ಟಿಯರಿಂಗಿನ ನಡುವೆ ಒತ್ತಿದರು. ಸದ್ದಿಲ್ಲ. ನಗು ಮಾಯವಾಯಿತು. ಅಲ್ಲಿ ಒತ್ತಿದರು, ಇಲ್ಲಿ ಎಳೆದರು. ಗಾಜಿನ ಮೇಲೆ ಕಾರಂಜಿ ಎದ್ದಿತು. ಹೆಡ್‌ಮೇಷ್ಟ್ರು ಕೂತರು, ಹವಾಮಾನ ವರದಿ ಬಂತು. ಡ್ರೈವರು ಕೂತ, ಡಿಕ್ಕಿ ಮುಚ್ಚಿತು. ಕ್ಯಾಷಿಯರು ಎಲ್ಲರನ್ನೂ ತಳ್ಳಿಕೊಂಡು ಬಂದು ಕೂತು, ಗುಂಡಿಗಳ ಮೇಲೆ ಮೂಗಿಟ್ಟು, ತಲೆ ಹಿಂದೆಳೆದು, ಮತ್ತೆ ಮೂಗಿಟ್ಟು ನೋಡಿ, ಇದರಲ್ಲಿ ಹಾರ್ನ್ ಹುಟ್ಟಿಯೇ ಇಲ್ಲ ಎಂದು ತೀರ್ಪು ಕೊಟ್ಟ. ಗುಂಪಿನಲ್ಲಿ ಅಡಗಿ ನಿಂತಿದ್ದ ಭಾವಮೈದನನ್ನು ಅಕ್ಕನೇ ಪತ್ತೆ ಹಚ್ಚಿ ಮುಂದೆ ತಂದಳು.

"ಅದು... ನನಗೂ ಸಿಕ್ಕಿರಲಿಲ್ಲ ಭಾವ" ಎಂದ ಅವನು ನೆಲ ನೋಡುತ್ತ. "ಅದಕ್ಕೇ ಕೊಟ್ಟಿದ್ದು. ತೋರಿಸಲಾ ಅಂತ ಕೇಳಿದಾಗ ನೀವು ಹೂಂ ಅಂದಿದ್ರೆ ನನ್ನ ಮಾನ ಹೋಗ್ತಿತ್ತು."

 ಆಗ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟಿಯರಿಂಗಿನ ಮುಂದೆ ಕೂತು, ಕನ್ನಡಕ ಸರಿಮಾಡಿಕೊಂಡಳು. ಅವಳು ಈ ಸೀಟಿನಲ್ಲಿ ಕೂತದ್ದು ಇದೇ ಮೊದಲು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಸ್ಟಿಯರಿಂಗಿನ ಪಕ್ಕದ ಕಡ್ಡಿಯ ಮೇಲೆ ಬೆರಳಿಟ್ಟಳು.

"ಇಲ್ಲಿ ಪುಟ್ಟದಾಗಿ ಕಹಳೆ ಬರೆದಿದೆಯಲ್ಲ, ಇದೇನಾ?" ಎನ್ನುತ್ತ ಹೆಬ್ಬೆರಳಿನಿಂದ ಗಟ್ಟಿಯಾಗಿ ಅದುಮಿದಳು.

ಊರು ಕಿತ್ತುಹೋಗುವ ಹಾಗೆ ಹಾರ್ನ್ ಮೊಳಗಿತು. ಹಿಂದೆ ಗಾಡಿಗಳಿಗೆ ಮರಳಿದ್ದವರು ಕಿವಿ ನಿಮಿರಿಸಿದರು. ಮುಂದಾಳಿನ ಕಾರು ಹಾರ್ನ್ ಹಾಕಿತೆಂದ ಮೇಲೆ ಯೋಚನೆಯೇನು? ಅಷ್ಟೂ ವಾಹನಗಳು ಒಟ್ಟಿಗೆ ಬಾಯಿ ಬಿಟ್ಟವು. ಗೋಪುರದ ಪಾರಿವಾಳಗಳು ಹಾರಿಹೋದವು. ತುರ್ತಿನಲ್ಲಿ ಯಾವ ಮನುಷ್ಯ ಕಡಲೆಕಾಳಿನ ಮೇಲೆ ಕಹಳೆ ಹುಡುಕುತ್ತಾನೆ, ಕಾರು ಮಾಡಿದವನು ಸಿಗಲಿ ಎಂದು ಇನ್ಸ್‌ಪೆಕ್ಟರು ಅರಚುತ್ತಿದ್ದುದು ಆ ಸಂಭ್ರಮದಲ್ಲಿ ಯಾರಿಗೂ ಕೇಳಿಸಲಿಲ್ಲ. ಕನ್ನಡಕಪ್ಪ ಮಾತ್ರ ಕಹಳೆಯಿದ್ದ ಜಾಗವನ್ನು ದಿಟ್ಟಿಸಿದ. ಈಗಲೂ ಅವನಿಗೆ ಕಂಡದ್ದು ಸೊಳ್ಳೆಯೇ. ಹಾರ್ನ್ ಹುಡುಕಿ ಸೋತವರ ಮುಖ ನೋಡಿದ. ಎಲ್ಲರೂ ನಲವತ್ತು ದಾಟಿದವರು. ಕನ್ನಡಕ ಇದ್ದದ್ದು ಅವನ ಹೆಂಡತಿಗೊಬ್ಬಳಿಗೇ.

ಮರುದಿನ ಅವನು ಅಂಗಡಿಗೆ ಹೋದದ್ದು ಸಾಮಾನು ತೆಗೆದಿಟ್ಟು ಶಾಶ್ವತವಾಗಿ ಬೀಗ ಹಾಕಿ ಬರೋಣವೆಂದೇ. ಹೆಂಡತಿಯೂ ಜೊತೆಗೆ ಬಂದಳು. ನೋಡಿದರೆ ಬಾಗಿಲ ಮುಂದೆ ಸಾಲು ನಿಂತಿದೆ. ಇನ್ಸ್‌ಪೆಕ್ಟರು ಆ ಕಡೆ ರಸ್ತೆಯ ಸಂಚಾರ ಗಮನಿಸುವವರ ಹಾಗೆ ನಿಂತಿದ್ದರು. ಹೆಡ್‌ಮೇಷ್ಟ್ರು ಸುಮ್ಮನೆ ಮಾತಾಡಿಸಿ ಹೋಗಲು ಬಂದವರಂತೆ. ಕ್ಯಾಷಿಯರು ಅತ್ತೆಯ ಕನ್ನಡಕದ ಸ್ಕ್ರೂ ಬಿಗಿಸಲು ಬಂದೆ ಎಂದ. ಅವನ ಕೈಯಲ್ಲಿ ಕನ್ನಡಕವಿರಲಿಲ್ಲ. ಭಾವಮೈದ ಕೊನೆಯಲ್ಲಿ ಕತ್ತು ತಗ್ಗಿಸಿ ನಿಂತಿದ್ದ.

ಕನ್ನಡಕಪ್ಪ ಬಾಗಿಲು ತೆರೆದ. ಯಾರನ್ನು ಮೊದಲು ಕರೆಯಲಿ ಎಂದು ನೋಡುತ್ತಿರುವಾಗಲೇ ಹೆಂಡತಿ ಅವನ ತೋಳು ಹಿಡಿದು ಎತ್ತರದ ಕುರ್ಚಿಯತ್ತ ತಿರುಗಿಸಿದಳು.

"ಮೊದಲು ನೀವು ಕೂತ್ಕೊಳ್ಳಿ" ಎಂದಳು.

ಇಷ್ಟು ವರ್ಷದಲ್ಲಿ ಅವನು ಆ ಕುರ್ಚಿಯಲ್ಲಿ ಕೂತಿರಲಿಲ್ಲ. ಕೂತ. ಬಾಗಿಲಿನಿಂದ ಇಡೀ ಸಾಲು ಇಣುಕಿ ನೋಡಿತು. ಹೆಂಡತಿ ಸಣ್ಣ ಅಕ್ಷರದ ಕಾರ್ಡನ್ನು ಅವನ ಕೈಗೆ ಕೊಟ್ಟು, ತನ್ನ ಕನ್ನಡಕವನ್ನೇ ತೆಗೆದು ಅವನ ಮೂಗಿಗೆ ಏರಿಸಿದಳು. ಕನ್ನಡಕಪ್ಪ ಕೊನೆಯ ಸಾಲನ್ನು ಎಲ್ಲರಿಗೂ ಕೇಳುವ ಹಾಗೆ, ನಾಚಿಕೆ ಬಿಟ್ಟು, ಗಟ್ಟಿಯಾಗಿ ಓದಿದ. ಆಮೇಲೆ ಕುರ್ಚಿಯಿಂದಿಳಿದು ಮುಂದಿನವರು ಬನ್ನಿ ಎಂದ.

ಇನ್ಸ್‌ಪೆಕ್ಟರು ಹಿಂದೆ ಸರಿದು, ಹಿರಿಯರು ಮೊದಲು ಎಂದರು. ಹೆಡ್‌ಮೇಷ್ಟ್ರು, ಕಾನೂನು ಮೊದಲು ಎಂದರು. ಕ್ಯಾಷಿಯರು, ತನಗೇನೂ ಅವಸರವಿಲ್ಲವೆಂದ. ನೀವು, ಛೆ ಛೆ ನೀವು ಎಂದು ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತ ಯಾರೂ ಹೊಸಿಲು ದಾಟಲಿಲ್ಲ. ಸಾಲು ನಿಂತಲ್ಲೇ ನಿಂತಿತು, ಬಿಸಿಲು ಏರಿತು. ಕೊನೆಗೆ ಹಿಂದಿನಿಂದ ಯಾರೋ ತಾಳ್ಮೆಗೆಟ್ಟು ಬಾಯಲ್ಲೇ ಪೋಂ ಪೋಂ ಎಂದರು, ಸಾಲು ಒಳಗೆ ಹೋಯಿತು.